ಸೈಕಲ್ಲುಗಳಿಗೆ ಬೀರುವಿನ ಬಣ್ಣ ಬಳಿದ ನಂತರ ಕೈಗೊಳ್ಳಬೇಕಾದ ಕ್ರಮಗಳು

ಸಂಖ್ಯೆ: ಕಚೇರಿ/ಸೈಕಲ್/02 (ಸಂಖ್ಯೆ 01ನ್ನು ಇನ್ನು ಯಾರೂ ಓದತಕ್ಕದ್ದಲ್ಲ)

ವಿಷಯ: ಕಳ್ಳರ ಕಣ್ಣು ತಪ್ಪಿಸಲು ಸೈಕಲ್ಲುಗಳ ಕಂಪನಿ ಹೆಸರು ಅಳಿಸಿದ್ದರಿಂದ ಮಾಲೀಕರ ಕಣ್ಣೂ ತಪ್ಪಿರುವ ಬಗ್ಗೆ.

ಉಲ್ಲೇಖ:
1) ಕಾವಲುಗಾರರ ಮೌಖಿಕ ಹೇಳಿಕೆ: "ಎಲ್ಲಾ ಬೀರು ಥರಾನೇ ಕಾಣ್ತವೆ ಸಾರ್. ನಾನು ಸೈಕಲ್ ಕಾಯ್ಲಾ, ಬೀರು ಕಾಯ್ಲಾ?"
2) ನನ್ನ ಹೆಂಡತಿಯ ಮೌಖಿಕ ಹೇಳಿಕೆ: "ಭಾನುವಾರ ಅಪ್ಪ ಬರ್ತಾರೆ. ಅವರು ಕೊಟ್ಟ ಸೈಕಲ್ ಎಲ್ಲಿ ಅಂತ ನೀವೇ ಹೇಳ್ಕೊಳ್ಳಿ."

ಹೊಳೆಯುವ ಹೆಸರಿನ ಸೈಕಲ್ಲಿಗೇ ಕಳ್ಳ ಕೈ ಹಾಕುತ್ತಾನೆಂದು ಹಿಂದಿನ ಸುತ್ತೋಲೆಯಲ್ಲಿ ತಿಳಿಸಲಾಗಿ, ಸಿಬ್ಬಂದಿಯೆಲ್ಲ ಸ್ಟಿಕ್ಕರ್ ಕಿತ್ತು, ಅಂಟನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಉಗ್ರಾಣದಲ್ಲಿ ಮಿಕ್ಕಿದ್ದ ಬೀರುವಿನ ಬೂದು ಬಣ್ಣ ಬಳಿದಿರುವುದು ಸರಿಯಷ್ಟೆ. ಬೀಗಗಳ ಮೇಲೂ ಕಂಪನಿ ಹೆಸರಿದ್ದುದರಿಂದ ಅವನ್ನೂ ತೆಗೆಸಲಾಯಿತು. ಅಂದಿನಿಂದ ಒಂದು ಸೈಕಲ್ಲೂ ಕಳುವಾಗಿಲ್ಲ. ಆದರೆ ಯಾರದು ಯಾರ ಮನೆಯಲ್ಲಿದೆಯೋ ದೇವರೇ ಬಲ್ಲ. ಮೊದಲು ಹೊರಟವರಿಗೆ ಒಳ್ಳೆಯದು ಸಿಗುತ್ತಿದೆ. ಕಚೇರಿ ಬಾಗಿಲು ಹಾಕಿ ಕೊನೆಗೆ ಬರುವ ಮೇಲ್ವಿಚಾರಕರಿಗೆ, ಎಂದರೆ ನನಗೆ, ಒಂಟಿ ಪೆಡಲಿನದು. ಅದನ್ನು ತಳ್ಳಿ ತಳ್ಳಿ ಸಾಕಾಗಿದೆ. ಆದ್ದರಿಂದ:

1. ವಸ್ತುಗಳಿಗೆ ಗುರುತು ಹಾಕಿ ಎಂದರೆ, ಇರುವ ಒಂದೇ ಮೊಹರನ್ನು ಕೈಯಿಂದ ಕೈಗೆ ದಾಟಿಸಿ, ಛತ್ರಿ, ಊಟದ ಡಬ್ಬಿ, ಸೈಕಲ್ ಸೀಟು ಎಲ್ಲಕ್ಕೂ 'ಸ್ವೀಕರಿಸಲಾಗಿದೆ' ಎಂದು ಒತ್ತಲಾಗಿರುತ್ತದೆ. ಈಗ ಯಾರು ಯಾರ ಡಬ್ಬಿ ಖಾಲಿ ಮಾಡಿದರೂ ಕ್ರಮಬದ್ಧವಾಗಿಯೇ ಕಾಣುತ್ತಿದೆ. ಇದನ್ನು ನಿಲ್ಲಿಸುವಂತೆ ಈ ಮೂಲಕ ಸೂಚಿಸಲಾಗಿದೆ.

2. ಗುರುತನ್ನು ಮಾಲೀಕನಿಗೆ ಕಾಣುವ, ಕಳ್ಳನಿಗೆ ಕಾಣದ ಜಾಗದಲ್ಲಿ ಹಾಕತಕ್ಕದ್ದು. ಅಂಥ ಜಾಗ ಸಿಕ್ಕವರು ಕಚೇರಿಗೂ ತಿಳಿಸತಕ್ಕದ್ದು.

3. ಜಾಗ ಸಿಗದವರು ಬೆನ್ನಿಗೆ ತಮ್ಮ ಹೆಸರಿನ ಚೀಟಿ ಅಂಟಿಸಿಕೊಂಡು ದಿನವಿಡೀ ಸೈಕಲ್ಲಿನ ಪಕ್ಕ ನಿಲ್ಲತಕ್ಕದ್ದು. ಬೆನ್ನನ್ನು ಗೋಡೆಗೆ ಒರಗಿಸತಕ್ಕದ್ದಲ್ಲ.

4. ಮಾವನವರು ಕೊಟ್ಟ ನನ್ನ ಸೈಕಲ್ಲಿನ ಲಕ್ಷಣ: ಹ್ಯಾಂಡಲ್ ಎಷ್ಟು ನೇರ ಹಿಡಿದರೂ ಎಡಕ್ಕೇ ಎಳೆಯುತ್ತದೆ. ಮಾವನವರ ಸ್ವಭಾವವೂ ಅದೇ, ಹೇಳಿದ ಮಾತು ಕೇಳುವುದಿಲ್ಲ. ಪಳಗದವರು ಹತ್ತಿದರೆ ಗೇಟಿನ ಎಡಗಂಬಕ್ಕೆ ಮೈ ಉಜ್ಜಿಕೊಳ್ಳುವುದು ಖಚಿತ. ಒಯ್ದವರು ಶನಿವಾರ ಸಂಜೆಯೊಳಗೆ ಸದ್ದಿಲ್ಲದೆ ತಂದು ನಿಲ್ಲಿಸತಕ್ಕದ್ದು. ಏನೂ ಕೇಳಲಾಗುವುದಿಲ್ಲ.

5. ಇದನ್ನು ಟೈಪು ಮಾಡುತ್ತಿರುವವರು ನಗತಕ್ಕದ್ದಲ್ಲ.

ಸಹಿ/-
ಮೇಲ್ವಿಚಾರಕರು
(ಸದ್ಯ ಪಾದಚಾರಿ)

ಪ್ರತಿಗಳು:
1. ಕಾವಲುಗಾರರಿಗೆ: ಎರಡನ್ನೂ ಕಾಯುವುದು.
2. ಉಗ್ರಾಣದವರಿಗೆ: ಉಳಿದ ಬಣ್ಣವನ್ನು ಬಚ್ಚಿಡುವುದು.
3. ಸ್ಥಳೀಯ ಕಳ್ಳರಿಗೆ: ಸಹಕಾರಕ್ಕಾಗಿ ವಂದನೆಗಳೊಂದಿಗೆ.
4. ಮಾವನವರಿಗೆ: ಕಳುಹಿಸತಕ್ಕದ್ದಲ್ಲ.
5. ನಗದು ಶಾಖೆಯ ಗುಮಾಸ್ತರಿಗೆ: ಸೋಮವಾರದಿಂದ ತಮ್ಮ ಎಡ ಮೊಣಕೈಗೆ ಬ್ಯಾಂಡೇಜು ಇರುವುದನ್ನು ಗಮನಿಸಲಾಗಿದೆ.