ಚಾನೆಲ್ ನಾಲ್ಕರ ಗಂಡ ಹೆಂಡತಿ

ದೋಹಾದ ತುಳುವರ ಬಳಗ ಪ್ರತಿ ಜನವರಿಯಲ್ಲಿ ನಡೆಸುವ ಕಾರು ನಿಧಿಶೋಧದಲ್ಲಿ ತಾರಾನಾಥ ಸತತ ಮೂರು ವರ್ಷ ಸೋತಿದ್ದ. ಸೋಲಿನ ಬಗ್ಗೆ ಅವನಿಗೆ ಅಂಥ ಬೇಸರವೇನಿರಲಿಲ್ಲ. ಮೂರು ಸಲವೂ ಗೆದ್ದವನು ಹೆಂಡತಿಯ ತಮ್ಮ ವಿಕಾಸ್ ಎಂಬುದೇ ಉರಿ. ಬಿನ್ ಮಹಮೂದ್ ಬಡಾವಣೆಯ ವಿಕಾಸನ ಫ್ಲ್ಯಾಟಿಗೆ ಊಟಕ್ಕೆ ಹೋದಾಗಲೆಲ್ಲ ಇವನಿಗೆ ಕುರ್ಚಿ ಹಾಕುತ್ತಿದ್ದುದು ಟ್ರೋಫಿಯ ಎದುರಿಗೇ. (ಬೇಕೆಂದೇ ಹಾಕುತ್ತಾರೆ ಎಂಬುದು ಅವನ ದೃಢ ನಂಬಿಕೆ.)

ಎರಡು ಸಾವಿರದ ಎಂಟರಲ್ಲಿ ಅವನು ಎರಡು ದಿವ್ಯಾಸ್ತ್ರಗಳೊಂದಿಗೆ ರಣರಂಗಕ್ಕೆ ಇಳಿದ. ಒಂದು, ಊರಿಗೆ ಮರಳುತ್ತಿದ್ದ ಸಹೋದ್ಯೋಗಿಯಿಂದ ಕೊಂಡ ಹೈಬ್ರಿಡ್ ಕಾರು. ಅರ್ಧ ಪೆಟ್ರೋಲು, ಅರ್ಧ ಕರೆಂಟು. ಇನ್ನೊಂದು, ಅದೇ ಸಹೋದ್ಯೋಗಿ ಕಾರಿನ ಜೊತೆ ಕೊಟ್ಟು ಹೋದ ಸ್ಕ್ಯಾನರ್ ಎಂಬ ಕೈರೇಡಿಯೋ. ಅದು ಚಾನೆಲ್‌ಗಳನ್ನು ಒಂದೊಂದಾಗಿ ತಡಕುತ್ತಾ ಹೋಗಿ, ಎಲ್ಲಿ ಸದ್ದಿದೆಯೋ ಅಲ್ಲಿ ನಿಂತು ಕೇಳಿಸುತ್ತದೆ. ಸ್ಪರ್ಧೆಯಲ್ಲಿ ಟ್ರೋಫಿ ಅಡಗಿಸಿಟ್ಟ ಜಾಗ ಸೂಚಿಸುವ ಒಗಟು ಎಲ್ಲರಿಗೂ ಒಂದೇ; ಪ್ರತಿ ಕಾರಿಗೂ ಒಂದು ವಾಕಿಟಾಕಿ, ಅದಕ್ಕೊಂದು ಬೇರೆ ಚಾನೆಲ್. ಒಗಟು ಬಿಡಿಸಲಾಗದವರು ಅದರಲ್ಲಿ ವ್ಯವಸ್ಥಾಪಕ ಇಗ್ನೇಶಿಯಸ್ ಅವರನ್ನು ಕರೆದು ಒಂದು ಸುಳಿವು ಕೇಳಬಹುದು. ಎಂಟು ಕಾರಿನವರ ಸುಳಿವೂ ತನ್ನ ಒಂದೇ ಕಿವಿಗೆ ಬಿದ್ದರೆ? ತಾರಾನಾಥನಿಗೆ ವಾರವಿಡೀ ನಿದ್ದೆಯಲ್ಲೂ ನಗು.

ಶುಕ್ರವಾರ ಬೆಳಿಗ್ಗೆ ಅಲ್ ರಯ್ಯಾನಿನ ಪಾರ್ಕಿನಲ್ಲಿ ಎಲ್ಲರೂ ಸೇರಿದರು. ಮಗಳು ದೀಕ್ಷಿತಾ ಗೆಳತಿಯರ ಜೊತೆ ಅಲ್ಲೇ ಉಳಿದಳು. ಇಗ್ನೇಶಿಯಸ್ ಮೇಜಿನ ಮೇಲೆ ಚಾನೆಲ್ಲಿಗೊಂದರಂತೆ ತಮ್ಮ ಎಂಟು ವಾಕಿಟಾಕಿ ಸಾಲಾಗಿಟ್ಟು, ಪಕ್ಕದಲ್ಲಿ ಮೈಕು ಇಟ್ಟುಕೊಂಡು ಸೀಟಿ ಊದಿದರು. ತಾರಾನಾಥನಿಗೆ ಸಿಕ್ಕಿದ್ದು ಚಾನೆಲ್ ನಾಲ್ಕರ ವಾಕಿಟಾಕಿ. ಅದನ್ನು ಅವನು ಎರಡು ಸೀಟುಗಳ ನಡುವೆ ತುರುಕಿದ. ಹೆಂಡತಿ ಭವ್ಯಶ್ರೀ ಅದು ಅಲ್ಲಾಡದಿರಲೆಂದು ಚಹದ ಫ್ಲಾಸ್ಕನ್ನು ಒತ್ತಿ ಕೂರಿಸಿದಳು.

ಪಾರ್ಕಿನ ಗೇಟು ದಾಟಿದ್ದೇ ತಾರಾನಾಥ ಜೇಬಿನಿಂದ ಸ್ಕ್ಯಾನರ್ ತೆಗೆದು ಇಯರ್‌ಫೋನು ಸಿಕ್ಕಿಸಿಕೊಂಡ.

"ಎಂತದ್ದು ಅದು?"

"ಬೇರೆಯವರ ಮಾತು ಕೇಳುವ ಮಿಶಿನ್."

"ಮನೆಯಲ್ಲಿ ನನ್ನ ಮಾತು ಕೇಳ್ಲಿಕ್ಕೆ ನಿಮಗೆ ಕಿವಿ ಇಲ್ಲ. ಬೇರೆಯವರದ್ದಕ್ಕೆ ಮಿಶಿನ್ ಬೇರೆ! ಇದು ಮೋಸ ಅಲ್ವಾ?"

"ಮೋಸ ಅಲ್ಲ ಮಾರಾಯ್ತಿ, ಟೆಕ್ನಾಲಜಿ. ನಿನ್ನ ತಮ್ಮ ಗೆದ್ದದ್ದು ಎಂತ ಬುದ್ಧಿಯಿಂದಲಾ? ಆ ಇಗ್ನೇಶಿಯಸ್‌ಗೆ ಬಂಗುಡೆ ಪುಳಿಮುಂಚಿ ತಿನ್ನಿಸಿ ಗೆದ್ದದ್ದು!"

ಆದರೆ ಸ್ಕ್ಯಾನರಿನಲ್ಲಿ ಮನುಷ್ಯರ ಧ್ವನಿಯೇ ಇಲ್ಲ. ಗುಂಯ್ ಎಂಬ ಒಂದೇ ರಾಗ. ವೇಗ ಹೆಚ್ಚಿಸಿದರೆ ರಾಗ ಮೇಲಕ್ಕೆ ಏರುತ್ತಿತ್ತು, ಬ್ರೇಕು ಹಾಕಿದರೆ ಕುಂಯ್ ಎಂದು ಇಳಿಯುತ್ತಿತ್ತು. ಕಾರಿನ ಕರೆಂಟಿನ ಮೋಟಾರು ಸ್ಕ್ಯಾನರಿನೊಳಗೆ ಕೂತು ಸಂಗೀತಾಭ್ಯಾಸ ನಡೆಸಿತ್ತು. ಆ ಯಂತ್ರಕ್ಕೋ ಸದ್ದು ಸಿಕ್ಕಲ್ಲಿ ನಿಲ್ಲುವ ಸ್ವಭಾವ. ಹಾಗಾಗಿ ಮೊದಲನೇ ಚಾನೆಲ್ಲಿನ ಗುಂಯ್‌ಗೇ ಮರುಳಾಗಿ ನಿಂತುಬಿಟ್ಟಿತು. ಫ್ಲ್ಯಾಟಿನ ಸೋಫಾದ ಮೇಲೆ ಕೂತು ಪರೀಕ್ಷಿಸಿದಾಗ ಎಷ್ಟು ಚೆನ್ನಾಗಿ ಕೇಳಿಸಿತ್ತು! (ಸೋಫಾಕ್ಕೆ ಮೋಟಾರು ಇರಲಿಲ್ಲ.)

ಅಷ್ಟರಲ್ಲಿ ಭವ್ಯಶ್ರೀ ಒಗಟಿನ ಚೀಟಿ ಬಿಡಿಸಿ ಗಟ್ಟಿಯಾಗಿ ಓದಿದಳು: "ಬಾಯಿ ಉಂಟು, ಹಲ್ಲಿಲ್ಲ. ಬೆಂಕಿ ತಿನ್ನುತ್ತದೆ, ಹುಣ್ಣಿಮೆ ಚಂದ್ರನನ್ನು ಉಗುಳುತ್ತದೆ."

"ತಡಿ, ಈ ಏರಿಯಲ್ ಹೊರಗೆ ಹಿಡಿ."

"ಇದು ಖುಬೂಸ್ ಸುಡುವ ಒಲೆ ಅಲ್ವಾ! ಮೊಯ್ದಿನ್ ಬ್ಯಾರಿಯ ಚಾ ಅಂಗಡಿಯ ಪಕ್ಕದಲ್ಲಿ ಪಠಾಣರದ್ದು ರೊಟ್ಟಿ ಅಂಗಡಿ ಉಂಟಲ್ಲ, ಅಲ್ಲೇ ಇಟ್ಟಿದ್ದಾರೆ. ಯಲ್ಲಾ, ತಿರುಗಿಸಿ ಕಾರು!"

"ರೊಟ್ಟಿಯಂತೆ! ನಿನಗೆ ಯಾವಾಗಲೂ ಅಡಿಗೆಯದ್ದೇ ಯೋಚನೆ. ಏರಿಯಲ್ ಹಿಡಿ ಅಂದೆ!"

ಭವ್ಯಶ್ರೀ ಹಿಡಿದಳು. ಸಾಲದೆಂದು ಅವನು ಗೋಳಿಬಜೆ ಸುತ್ತಿದ್ದ ಅಲ್ಯೂಮಿನಿಯಂ ಹಾಳೆಯನ್ನು ಬಿಚ್ಚಿ ಸ್ಕ್ಯಾನರಿಗೆ ಸುತ್ತಿದ. ಗೋಳಿಬಜೆಗಳು ಸೀಟಿನಡಿ ಉರುಳಿದವು. ಗುಂಯ್ ಮಾತ್ರ ಒಂದಿಷ್ಟೂ ಕದಲಲಿಲ್ಲ.

"ನಿಮಗೆ ಮರ್ಲು ಹಿಡಿದಿದೆ," ಎಂದಳು ಅವಳು. "ರೊಟ್ಟಿ ಅಂಗಡಿಗೆ ಹೋಗುವ ಅಂತ ನಾಲ್ಕು ಸಲ ಹೇಳಿದೆ."

"ಆ ಇಗ್ನೇಶಿಯಸ್‌ನ ತಲೆಗೆ ರೊಟ್ಟಿಯೆಲ್ಲ ಹೊಳೆಯುವುದಿಲ್ಲ. ಅಲ್ಲಿ ಕೂದಲೇ ನಿಲ್ಲಲಿಲ್ಲ, ಒಗಟು ಎಲ್ಲಿ ನಿಲ್ತದೆ?"

ಹೀಗೆ ಮುಕ್ಕಾಲು ಗಂಟೆ ಅಲ್ ರಯ್ಯಾನನ್ನು ಪ್ರದಕ್ಷಿಣೆ ಹಾಕಿದ ಮೇಲೆ ಅವನಿಗೆ ಜ್ಞಾನೋದಯವಾಯಿತು. ಕಾರನ್ನು ರಸ್ತೆ ಬದಿಗೆ ತಂದು ಪೂರ್ತಿ ಆಫ್ ಮಾಡಿದ. ಗುಂಯ್ ಎನ್ನುವುದು ಥಟ್ಟನೆ ನಿಂತಿತು. ಸ್ಕ್ಯಾನರಿನ ಅಂಕಿಗಳು ಓಡತೊಡಗಿದವು. ಒಂದು, ಎರಡು, ಮೂರು... ನಾಲ್ಕರಲ್ಲಿ ನಿಂತವು.

"ಆಹಾ! ಈಗ ಕೇಳಿಸ್ತದೆ!" ಎಂದು ತಾರಾನಾಥ ಕೂಗಿದ.

"ಈಗ ಕೇಳಿಸ್ತದೆ!" ಎಂದಿತು ಇಯರ್‌ಫೋನು.

ಅವನ ಮುಖ ಕೆಂಪಾಯಿತು. "ಭವ್ಯಾ, ಯಾರೋ ನನ್ನನ್ನು ಅಣಕಿಸ್ತಾ ಇದ್ದಾನೆ. ಯಾರೋ ನೀನು, ಧೈರ್ಯ ಇದ್ರೆ ಹೆಸರು ಹೇಳು!"

"ಧೈರ್ಯ ಇದ್ರೆ ಹೆಸರು ಹೇಳು," ಎಂದಿತು ಕಿವಿಯೊಳಗಿನ ಗಂಡಸು, ಅಷ್ಟೇ ಕೋಪದಿಂದ.

"ನನಗೇ ಸವಾಲು ಹಾಕ್ತಾನೆ! ದನಿ ಕೇಳಿದ್ರೇ ಗೊತ್ತಾಗ್ತದೆ, ಶುದ್ಧ ಲಫಂಗ!"

ಭವ್ಯಶ್ರೀಗೆ ಏನೋ ಅನುಮಾನ ಬಂತು. ಮೆಲ್ಲಗೆ ಫ್ಲಾಸ್ಕ್ ಎತ್ತಿದಳು. ಅದರ ಬುಡಕ್ಕೆ ಸಿಕ್ಕಿ ಅದುಮಿಕೊಂಡಿದ್ದ ವಾಕಿಟಾಕಿಯ ಮಾತಿನ ಗುಂಡಿ ಟಕ್ಕೆಂದು ಮೇಲೆದ್ದಿತು, ಕೆಂಪು ದೀಪ ಆರಿತು. ಮರುಕ್ಷಣ ಅದರೊಳಗಿಂದ ಜನಜಾತ್ರೆಯ ನಗು ಒಂದೇ ಉಸಿರಿಗೆ ಹೊರಬಿತ್ತು. ಅದನ್ನು ದಾಟಿ ಇಗ್ನೇಶಿಯಸ್ ಅವರ ಧ್ವನಿ: "ತಾರಾನಾಥಾ, ಮುಕ್ಕಾಲು ಗಂಟೆಯಿಂದ ಕರೀತಾ ಇದ್ದೇನೆ ಮಾರಾಯಾ! ಗುಂಡಿ ಬಿಟ್ರೆ ಅಲ್ವಾ ನಿಂಗೆ ಕೇಳುದು? ನಿಮ್ಮಿಬ್ಬರ ಮಾತನ್ನು ಮೈಕಿಗೆ ಹಿಡಿದಿದ್ದೇನೆ, ಪಾರ್ಕಿಗೆ ಪಾರ್ಕೇ ಕೇಳ್ತಾ ಉಂಟು. ನನ್ನ ಕೂದಲಿನ ವಿಷಯ ಆಮೇಲೆ ಮಾತಾಡುವ."

ತಾರಾನಾಥ ಇಯರ್‌ಫೋನು ಕಿತ್ತು ಹಿಂದಿನ ಸೀಟಿಗೆ ಎಸೆದ. ಬಂಗುಡೆ, ಮೋಸ, ಬೋಳುತಲೆ, ಎಲ್ಲವೂ ಮೈಕಿನಲ್ಲಿ! ಆದರೂ ಒಳಗೊಂದು ಆಸೆ ಮಿಣುಕಿತು. ಎಲ್ಲರೂ ನಗುತ್ತಾ ಕೂತಿದ್ದಾರೆಂದರೆ ಟ್ರೋಫಿಯನ್ನು ಇನ್ನೂ ಯಾರೂ ಮುಟ್ಟಿಲ್ಲ! "ರೊಟ್ಟಿ ಅಂಗಡಿ ಅಂದೆಯಲ್ಲಾ?" ಎಂದವನೇ ಕಾರು ಹಾರಿಸಿದ.

ಪಠಾಣರ ಒಲೆ ಧಗಧಗ ಉರಿಯುತ್ತಿತ್ತು, ದುಂಡನೆಯ ಖುಬೂಸ್‌ಗಳು ಒಂದೊಂದಾಗಿ ಹೊರಬರುತ್ತಿದ್ದವು. ಪಕ್ಕದ ಚಾ ಅಂಗಡಿಯಿಂದ ಮೊಯ್ದಿನ್ ಬ್ಯಾರಿ ತಲೆ ಹೊರಹಾಕಿದ.

"ಟ್ರೋಫಿಯಾ? ಖಲಾಸ್! ಅರ್ಧ ಗಂಟೆ ಆಯ್ತು, ನಿಮ್ಮ ಭಾವ ವಿಕಾಸಣ್ಣ ಬಂದು ತಗೊಂಡು ಹೋದ್ರು. ಒಗಟು ಬಿಡಿಸ್ಲಿಕ್ಕೆ ಆಗದೆ ಪಾರ್ಕಿಗೆ ವಾಪಸ್ ಹೋಗಿದ್ರಂತೆ. ಅಲ್ಲಿ ಮೈಕಿನಲ್ಲಿ ಯಾರೋ ಹೆಂಗಸು ಉತ್ತರ ಹೇಳಿದ್ರಂತೆ."

ಭವ್ಯಶ್ರೀ ಕಾರಿನಿಂದ ಇಳಿದಳು. ಅಂಗಡಿಯಿಂದ ಎರಡು ಖುಬೂಸ್ ಕಟ್ಟಿಸಿಕೊಂಡಳು, ಅಷ್ಟೇ.

ಪಾರ್ಕಿನಲ್ಲಿ ಚಪ್ಪಾಳೆಯ ಸ್ವಾಗತ. ವಿಕಾಸ್ ಓಡಿಬಂದು ಟ್ರೋಫಿಯನ್ನು ಭವ್ಯಶ್ರೀಯ ಕೈಗಿಟ್ಟ. "ಅಕ್ಕಾ, ಇದು ನಿನ್ನದೇ." ಎಲ್ಲರೂ ಅವಳ ಸುತ್ತ ಸೇರಿ ಫೋಟೋಕ್ಕೆ ನಿಂತರು. ತಾರಾನಾಥನೂ ತಲೆ ಬಾಚಿಕೊಂಡು ಹೆಂಡತಿಯ ಪಕ್ಕ ನಿಲ್ಲಲು ಹೋದ.

"ಪಪ್ಪಾ, ನೀವು ಬೇಡ," ಎಂದು ದೀಕ್ಷಿತಾ ಕ್ಯಾಮೆರಾವನ್ನು ಅವನ ಕೈಗೇ ಕೊಟ್ಟಳು. "ಇದು ವಿನ್ನರ್ಸ್ ಫೋಟೋ. ನೀವು ಜಸ್ಟ್ ಗುಂಡಿ ಒತ್ತಿ. ಅದು ನಿಮಗೆ ಚೆನ್ನಾಗಿ ಬರ್ತದೆ."