ಕೆಂಪು ದೀಪ ಆರಿದ ಮೇಲೆ ಬಂದ ಧರ್ಮೇಶ

ಧರ್ಮೇಶನ ಧ್ವನಿಯನ್ನು ಬಾವಿಯ ನೀರಿನಂತೆ ತಿಳಿಯಾಗಿಸಿಯೇ ತೀರುತ್ತೇನೆಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಲತಾಮಣಿ ಹುಣಸೆಹಣ್ಣು ಬಿಡಿಸುತ್ತಿದ್ದಳು.

“ಮಿಕ್ಸಿ ರಿಪೇರಿ ಮಾಡ್ತೀನಿ ಅಂದಾಗ್ಲೂ ಹಿಂಗೇ ಅಂದಿದ್ರಿ,” ಎಂದಳು.

ಧರ್ಮೇಶ ನನ್ನ ಬಾಲ್ಯದ ಗೆಳೆಯ. ಹೋದ ಮಳೆಗಾಲದಲ್ಲಿ ತೀರಿಕೊಂಡ. ಅವನ ಧ್ವನಿ ಉಳಿದಿದ್ದುದು ಒಂದೇ ಕ್ಯಾಸೆಟ್ಟಿನಲ್ಲಿ. ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮರುಗಳಿಗೆಯೇ ಟೇಪ್‌ರೆಕಾರ್ಡರ್ ರೀಲನ್ನು ಜಗಿದು ನುಂಗಿತ್ತು! ಅವನ ತಾಯಿ ಮುನಿಯಮ್ಮ ಮಗನ ಮಾತು ಕೇಳಲು ಕಣಕಟ್ಟೆಯಿಂದ ಅರಸೀಕೆರೆಯ ನಮ್ಮ ಮನೆಗೆ ಆ ದಿನವೇ ಬರುವವರಿದ್ದರು. ಅವನ ಮಾತಿನ ಹಿಂದೆ ಕೋಳಿ, ಕುಕ್ಕರು, ಜೊತೆಗೆ ಗುರ್ ಎನ್ನುವ ಸದ್ದು. ಇದನ್ನೆಲ್ಲ ಆ ತಾಯಿಗೆ ಕೇಳಿಸುವುದೇ?

ಸದ್ದು ತೆಗೆಯಲು ಪ್ಲಗಿನ್ ಎಂಬ ಪುಟ್ಟ ಸಾಫ್ಟ್‌ವೇರ್ ಹಾಕಿಕೊಂಡೆ. ತೆರೆದರೆ ಪರದೆಯ ಮೇಲೆ, ಅಬ್ಬಾ! ತೇಗದ ಚೌಕಟ್ಟು, ಹಿತ್ತಾಳೆಯ ತಿರುಗಣೆಗಳು, ನಡುಗುವ ಮುಳ್ಳು, ಮೂಲೆಯಲ್ಲಿ ಉರಿಯುವ ಒಂದು ಕೆಂಪು ದೀಪ. ಹಳೇಬೀಡಿನ ಗೋಡೆಯಲ್ಲೂ ಅಷ್ಟು ಕುಸುರಿಯಿಲ್ಲ! ಆದರೆ ಆ ಗುಡಿಗೆ ಬಾಗಿಲಾದರೂ ಎಲ್ಲಿದೆಯೆಂದು ಕಾಣುತ್ತದೆ. ಇಲ್ಲಿ ಒಂದಕ್ಷರ ಬರೆದಿಲ್ಲ. ತಿರುಗಣೆಯನ್ನು ಮೌಸಿನಿಂದ ದುಂಡಗೆ ತಿರುಗಿಸಿದರೆ ಗರಬಡಿದಂತೆ ಕೂರುತ್ತದೆ. ಬಾವಿಯಿಂದ ಕೊಡ ಸೇದುವಂತೆ ಮೇಲಕ್ಕೆಳೆದರೆ ಮಾತ್ರ ತಿರುಗುತ್ತದೆ! ಹಾಗಿದ್ದರೆ ಅದನ್ನು ದುಂಡಗೆ ಬಿಡಿಸಿದ್ದೇಕೆ ಮಹಾರಾಯ?

ಒಂದು ಗುಂಡಿಯ ಮೇಲೆ ಕಿವಿಯ ಚಿತ್ರವಿತ್ತು. ಯಾರ ಧ್ವನಿ ಬೇಕೋ ಅದನ್ನು ಕೇಳಿಸಬೇಕೆಂದು ನಾನು ತಿಳಿದೆ. ಧರ್ಮೇಶನ ಮಾತನ್ನು ಚೆನ್ನಾಗಿ ಕೇಳಿಸಿ ಗುಂಡಿ ಒತ್ತಿದೆ. ಆದರೆ ಆ ಕಿವಿ ಕೇಳುತ್ತಿದ್ದುದು, ಯಾವ ಸದ್ದನ್ನು ತೆಗೆದುಹಾಕಬೇಕು ಎಂದು!

ಕೋಳಿ ಸ್ಪಷ್ಟವಾಗಿ ಕೂಗಿತು. ಕುಕ್ಕರು ಕಛೇರಿ ಕೊಡುವ ವಿದ್ವಾಂಸನಂತೆ ಸೀಟಿ ಹೊಡೆಯಿತು. ಧರ್ಮೇಶ ಇರಲಿಲ್ಲ.

ಕಂಡ ತಿರುಗಣೆಯನ್ನೆಲ್ಲ ಎಳೆದೆ. ಕೋಳಿ ಇನ್ನೂ ಹತ್ತಿರ ಬಂತು! ಅವನನ್ನು ಒಮ್ಮೆ ಕಳೆದುಕೊಂಡದ್ದು ಸಾಲದೆಂದು ಈಗ ಕೈಯಾರೆ ಅಳಿಸಿಬಿಟ್ಟಿದ್ದೆ.

ಅಷ್ಟರಲ್ಲಿ ಬಾಗಿಲಲ್ಲಿ ಮುನಿಯಮ್ಮ. “ಎಲ್ಲಪ್ಪಾ ಗಂಗಣ್ಣ, ನನ್ ಮಗ ಮಾತಾಡಿರೋದು?”

ನಾನು ಅವರಿಗೆ ಕುರ್ಚಿ ಎಳೆದು ಕೊಟ್ಟೆ. ಅವರಿಗೆ ನೀರು ತಂದ ಲತಾಮಣಿ ಕಂಪ್ಯೂಟರಿನತ್ತ ಕಣ್ಣು ಹಾಯಿಸಿದಳು. ಖಾಲಿ ಕೋಣೆಯಲ್ಲಿ ಬಲ್ಬು ಉರಿಯುತ್ತಿದ್ದರೆ ಅವಳಿಗೆ ಅನ್ನ ಇಳಿಯುವುದಿಲ್ಲ.

“ರೀ, ಈ ದೀಪ ಸುಮ್‌ಸುಮ್ನೆ ಯಾಕ್ರೀ ಉರೀತಿದೆ?”

“ಅದು ಬರೀ ಅಲಂಕಾರ ಕಣೇ! ಮುಟ್ಬೇಡ!”

“ಅಲಂಕಾರಕ್ಕೆ ಹಗಲೊತ್ನಲ್ಲಿ ದೀಪ ಉರಿಸ್ತಾರಾ?” ಎಂದವಳೇ ಮೌಸ್ ಕಸಿದು ಅದರ ಮೇಲೆ ಒತ್ತಿದಳು. ದೀಪ ಆರಿತು.

ಧರ್ಮೇಶ ಬಂದ! ಆ ದೀಪವೇ ಪ್ಲಗಿನ್ನಿನ ಸ್ವಿಚ್ಚು. ಅದು ಅವನನ್ನು ಅಳಿಸಿರಲಿಲ್ಲ, ಬಚ್ಚಿಟ್ಟಿತ್ತು ಅಷ್ಟೆ. ಅರೇಹಳ್ಳಿ ಬಸ್ಸಿನಲ್ಲಿ ಬಿಚ್ಚಿಟ್ಟ ಚಪ್ಪಲಿ ಬೇರೆ ಯಾರದೋ ಕಾಲಿನಲ್ಲಿ ಇಳಿದುಹೋದ ಕಥೆ ಹೇಳುತ್ತ, ಕೋಳಿ ಕುಕ್ಕರುಗಳ ನಡುವೆ ತಾನೇ ನಗುತ್ತಿದ್ದ. ಹೋದ ಜೀವ ಬಂತು; ಅವನದಲ್ಲ, ನನ್ನದು.

ಮುನಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಆ ಕೋಳಿ ನಂದೇ ಕಣವ್ವ. ಕುಕ್ಕರೂ ನಂದೇ. ಅವತ್ತು ಅವನಿಗೇ ಅಂತ ಹುರುಳಿಕಾಳು ಬೇಯಾಕಿದ್ದೆ.”

ಸರಿ, ಕೋಳಿ ಇರಲಿ. ಆದರೆ ಆ ಗುರ್ ಸದ್ದು? ಅದನ್ನಷ್ಟೇ ಕೊಂಚ ತೆಗೆಯೋಣವೆಂದು ನನ್ನ ಕೈ ಮೆಲ್ಲಗೆ ಮೌಸಿನತ್ತ ಹರಿಯಿತು. ಆಗ, ಅಂದು ಟೇಪ್‌ರೆಕಾರ್ಡರ್ ಹಿಡಿದು ಕೂತಿದ್ದ ನನ್ನ ಮೇಲೆ ಧರ್ಮೇಶ ರೇಗಿದ್ದು ಕೇಳಿಸಿತು:

“ಏನ್ಲಾ ಗಂಗ, ಅದೇನ್ ತಿರುವ್ತಾ ಕೂತಿದೀಯಾ? ನೆಟ್ಟಗೈತಲ್ಲ, ಬಿಡ್ಲಾ!”

“ಕೈ ತೆಗಿಯಪ್ಪಾ,” ಎಂದರು ಮುನಿಯಮ್ಮ. “ಹೇಳ್ತಾವ್ನಲ್ಲ!”