ಮಳೆ ಆಫೀಸಿನವನಿಗೆ ದಕ್ಕಿದ ಆಲಿಕಲ್ಲು

ಹವಾಮಾನ ಕಚೇರಿಯಲ್ಲಿ ಕೆಲಸ ಮಾಡುವವನಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಹೇಳಿದ ಮಳೆ ಬಂದರೆ ದೇವರ ದಯೆ, ಬರದಿದ್ದರೆ ನನ್ನ ತಪ್ಪು. ಮದ್ರಾಸು ಚೆನ್ನೈ ಆದ ಮೇಲೂ ಈ ನ್ಯಾಯ ಬದಲಾಗಲಿಲ್ಲ. ತ್ರಿಪ್ಲಿಕೇನಿನ ನಮ್ಮ ಬೀದಿಯಲ್ಲಿ ನನಗೆ ಹೆಸರೇ ಇರಲಿಲ್ಲ, ‘ಮಳೆ ಆಫೀಸಿನವರು’ ಅಷ್ಟೆ. ಬೈಗುಳಕ್ಕೆ ನಾನು ಬೇಗ ಒಗ್ಗಿಕೊಂಡೆ. ಒಗ್ಗದೆ ಉಳಿದ ಕೊರಗು ಒಂದೇ. ಮೋಡ, ಮಳೆ, ಗುಡುಗು ಎಂದು ಇಡೀ ಸರ್ವಿಸು ಸವೆಸಿದವನು ಒಂದೇ ಒಂದು ಆಲಿಕಲ್ಲನ್ನು ಕಣ್ಣಾರೆ ಕಂಡಿರಲಿಲ್ಲ. ರಿಟೈರ್ ಆಗುವುದರೊಳಗೆ ನೋಡಬೇಕೆಂಬ ಆಸೆ ಮಾತ್ರ ಬಿಟ್ಟು ಹೋಗಲಿಲ್ಲ.

ಲೆಕ್ಕಕ್ಕೆ ಸಿಗದ ಮಳೆ

ಪಕ್ಕದ ಮನೆಯ ಮಾಮಿ ಸಂಡಿಗೆ ಇಡುವ ಮುಂಚೆ ಪಂಚಾಂಗ ನೋಡಿ, ಆಮೇಲೆ ನನ್ನನ್ನು ಕೇಳುತ್ತಿದ್ದರು. ಒಂದು ಬೇಸಿಗೆಯಲ್ಲಿ, ಧೈರ್ಯವಾಗಿ ಇಡಿ, ಮಳೆಯಿಲ್ಲ ಎಂದೆ. ಅವರು ಮಹಡಿ ತುಂಬ ಹಳೆಯ ಪಂಚೆ ಹಾಸಿ ಸಂಡಿಗೆ ಇಟ್ಟರು. ಮಧ್ಯಾಹ್ನ ಸಮುದ್ರದ ಕಡೆಯಿಂದ ತೆಳ್ಳನೆಯ ಮೋಡವೊಂದು ತೀರಾ ತಗ್ಗಿನಲ್ಲಿ ತೇಲಿ ಬಂತು. ಅಂಥ ಮೋಡದಲ್ಲಿ ಹನಿ ದಪ್ಪವಾಗಲು ಜಾಗವೂ ಇರುವುದಿಲ್ಲ, ಹೊತ್ತೂ ಇರುವುದಿಲ್ಲ. ಜರಡಿ ಹಿಡಿದ ಹಾಗೆ ತುಂತುರು ಉದುರಿಸಿ ಹೋಗಿಬಿಡುತ್ತದೆ. ಮಳೆ ಮಾಪಕದಲ್ಲಿ ಅಳೆಯುವಷ್ಟು ನೀರು ನಿಲ್ಲಲಿಲ್ಲ. ಅಂಥದ್ದನ್ನು ನಾವು ಮಳೆಯ ದಿನವೆಂದು ಎಣಿಸುವುದಿಲ್ಲ.

ಸಂಜೆ ಮಾಮಿಗೆ ಇದನ್ನೆಲ್ಲ ನಿಧಾನವಾಗಿ ಬಿಡಿಸಿ ಹೇಳಿದೆ. ಸಮಾಧಾನವಾಗಿ ಕೇಳಿಸಿಕೊಂಡರು. ಒಳಗೆ ಹೋಗಿ, ಅಂಬಲಿಯಾದ ಸಂಡಿಗೆಯನ್ನು ತಟ್ಟೆ ತುಂಬ ತಂದು ನನ್ನ ಕೈಗಿಟ್ಟರು.

“ಮಳೆ ಬಂದೇ ಇಲ್ಲ ಅಂದ್ಮೇಲೆ ಇದು ಒಣಗಿರ್ಬೇಕು. ಮನೇಲಿ ಕರಿಸ್ಕೊಂಡು ತಿನ್ನಿ.”

ಒಂದೆರಡು ಕಡೆ

ಬೀದಿಯ ಕೊನೆಯಲ್ಲಿ ಕುಂದಾಪುರದ ಕಡೆಯ ಭಟ್ಟರೊಬ್ಬರ ಮೆಸ್ಸು. ಮಳೆ ಬಂದರೆ ಜನ ಬಜ್ಜಿಗೆ ಮುಗಿಬೀಳುತ್ತಾರೆ, ಆದ್ದರಿಂದ ಹಿಟ್ಟು ಕಲೆಸುವ ಮುಂಚೆ ನನ್ನ ಅಭಿಪ್ರಾಯ ಬೇಕು. ನಗರದ ಒಂದೆರಡು ಕಡೆ ಮಳೆಯಾಗಬಹುದು ಎಂದೆ. ನಮ್ಮ ಮುನ್ಸೂಚನೆಯ ಭಾಷೆಯೇ ಅದು.

“ಆ ಒಂದೆರಡು ಕಡೆ ಅಂದ್ರೆ ನಮ್ಮ ಬೀದಿಯೂ ಇತ್ತಾ ಇಲ್ಯಾ ಮಾರಾಯ್ರೆ?” ಎಂದರು ಭಟ್ಟರು.

ಕಾಫಿ ಕೊಟ್ಟವರನ್ನು ನಿರಾಶೆ ಮಾಡಬಾರದೆಂದು, ಇದೆ ಎಂದುಬಿಟ್ಟೆ. ಒಂದು ಹನಿ ಬೀಳಲಿಲ್ಲ. ಅಂದು ಸಂಜೆ ಊಟಕ್ಕೆ ಬಂದವರಿಗೆಲ್ಲ ಪಲ್ಯದ ಜಾಗದಲ್ಲಿ ಬಜ್ಜಿ, ಸಾಂಬಾರಿನೊಳಗೂ ಬಜ್ಜಿ. ಆಮೇಲೂ ಭಟ್ಟರು ಕೇಳುವುದನ್ನು ಬಿಡಲಿಲ್ಲ. ನಾನು ಮಳೆ ಎಂದ ದಿನ ಹಿಟ್ಟು ಕಲೆಸುತ್ತಿರಲಿಲ್ಲ, ಇಲ್ಲವೆಂದ ದಿನ ಧಾರಾಳವಾಗಿ ಕಲೆಸುತ್ತಿದ್ದರು. ವ್ಯಾಪಾರ ಚೆನ್ನಾಗಿ ಕುದುರಿತು, ನನ್ನ ಎಲೆಗೆ ತುಪ್ಪ ಜಾಸ್ತಿ ಬೀಳತೊಡಗಿತು. ಉಣ್ಣುವಾಗ ಮನಸ್ಸಿಗೆ ನೋವಾಗುತ್ತಿತ್ತು. ಆದರೆ ತುಪ್ಪ ಒಳ್ಳೆಯದಿತ್ತು.

ಶಿಮ್ಲಾ ಕಂಡವರು

ಮಗಳ ಶಾಲೆಯಲ್ಲಿ ಮಳೆಯ ಬಗ್ಗೆ ಮಾತಾಡಲು ಕರೆದರು. ಎತ್ತರದ ಗುಡುಗು ಮೋಡದೊಳಗೆ ಗಾಳಿ ಹನಿಯನ್ನು ಮೇಲಕ್ಕೆ ಒಯ್ದು ಹೆಪ್ಪುಗಟ್ಟಿಸುತ್ತದೆ, ಅದಕ್ಕೆ ಮತ್ತೆ ನೀರು ಮೆತ್ತಿ ಮತ್ತೆ ಹೆಪ್ಪಾಗುತ್ತದೆ, ಸೋಂಪಿನ ಕಾಳಿಗೆ ಸಕ್ಕರೆ ಪದರ ಪದರವಾಗಿ ಹತ್ತುವ ಹಾಗೆ, ಎಂದೆ. ಗಾಳಿಗೆ ಹೊರಲಾರದಷ್ಟು ಭಾರವಾದಾಗ ಬೀಳುತ್ತದೆ, ಆದರೆ ನಮ್ಮೂರಿನ ಬಿಸಿಗೆ ಬಹುಪಾಲು ದಾರಿಯಲ್ಲೇ ಕರಗಿ ಬರೀ ಮಳೆಯಾಗುತ್ತದೆ ಎಂದೂ ಹೇಳಿದೆ. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, “ಸಾರ್, ನೀಂಗ ಪಾತ್ತಿರುಕ್ಕೀಂಗಳಾ?” ಎಂದಳು. ನೀವು ನೋಡಿದ್ದೀರಾ ಎಂದು ಅವಳ ಪ್ರಶ್ನೆ. ಇಲ್ಲಮ್ಮ ಎಂದೆ. ಮಗಳು ತಲೆ ತಗ್ಗಿಸಿದಳು. ಅದು ನನಗೆ ಈಗಲೂ ಚುಚ್ಚುತ್ತದೆ.

ಮರುವರ್ಷ ಅದೇ ಪಾಠಕ್ಕೆ ಬೇರೆ ಹುಡುಗಿಯ ತಂದೆಯನ್ನು ಕರೆದರಂತೆ. ಅವರದು ನಮ್ಮೂರಿನದೇ ಪ್ಯಾರೀಸ್ ಕಾರ್ನರಿನಲ್ಲಿ ನಟ್ಟು ಬೋಲ್ಟಿನ ಅಂಗಡಿ. ಆದರೆ ಶಿಮ್ಲಾಗೆ ಹೋಗಿ ಆಲಿಕಲ್ಲು ನೋಡಿ ಬಂದಿದ್ದರು.

ಆಕಾಶದಿಂದ ಬಂದದ್ದು

ರಿಟೈರ್ ಆಗುವ ಹಿಂದಿನ ಬೇಸಿಗೆ. ಅಮ್ಮ ಆಗ ನಗರದ ಇನ್ನೊಂದು ಕೊನೆಯ ಮಾಧವರಂನಲ್ಲಿ ತಂಗಿಯ ಮನೆಯಲ್ಲಿದ್ದರು. ಒಂದು ಮಧ್ಯಾಹ್ನ ತಂಗಿ ಆಫೀಸಿಗೆ ಫೋನು ಮಾಡಿ, ಇಲ್ಲಿ ಆಲಿಕಲ್ಲು ಬೀಳುತ್ತಿದೆ ಎಂದಳು. ನನ್ನ ಕಿಟಕಿಯಾಚೆ ರಣಬಿಸಿಲು. ಡ್ಯೂಟಿ ಬಿಟ್ಟು ಓಡುವ ಹಾಗಿಲ್ಲ. ನಿನಗೆ ತೋರಿಸಬೇಕೆಂದು ಅಮ್ಮ ಬಾಲ್ಕನಿಯಿಂದ ಸೆರಗೊಡ್ಡಿ ನೆಲ್ಲಿಕಾಯಿ ಗಾತ್ರದ್ದೊಂದನ್ನು ಹಿಡಿದಿದ್ದಾರೆ, ಬಟ್ಟಲಲ್ಲಿ ಹಾಕಿ ಫ್ರೀಜರಿನಲ್ಲಿಟ್ಟಿದ್ದೇನೆ, ಬೆಳಿಗ್ಗೆ ಬಾ ಎಂದಳು ತಂಗಿ. ಆ ಸಂಜೆಯಷ್ಟು ಖುಷಿಯಾಗಿ ನಾನು ಎಂದೂ ಮನೆಗೆ ಹೋಗಿರಲಿಲ್ಲ.

ಬೆಳಿಗ್ಗೆ ಎರಡು ಬಸ್ಸು ಬದಲಿಸಿ, ಬೆವರಿಳಿಸುತ್ತ ಹೋದೆ. ಅಮ್ಮ ಆಗಲೇ ಮಡಿಯುಟ್ಟು ಪೂಜೆ ಮುಗಿಸಿದ್ದರು.

“ಕಾಲು ತೊಳ್ಕೊಂಡು ಬಾಡಾ. ಮೊದ್ಲು ತೀರ್ಥ.”

ತೀರ್ಥವಾಗದೆ ನಮ್ಮ ಮನೆಗಳಲ್ಲಿ ಕಾಫಿಯೂ ಇಲ್ಲ. ಕೈಯೊಡ್ಡಿದೆ. ಅಮ್ಮ ಪುಟ್ಟ ಉದ್ಧರಣೆಯಿಂದ ಮೂರು ಸಲ ಅಂಗೈಗೆ ಹಾಕಿದರು. ಭಕ್ತಿಯಿಂದ ಕುಡಿದು ಕೈಯನ್ನು ತಲೆಗೆ ಸವರಿಕೊಂಡೆ. ಆ ಬಿಸಿಲಲ್ಲಿ ಬಂದವನಿಗೆ ಹಾಯೆನಿಸಿತು. ತೀರ್ಥ ಎಷ್ಟು ತಣ್ಣಗಿದೆಯಮ್ಮ ಎಂದು ಹೊಗಳಿದೆ ಕೂಡ. ಆಮೇಲೆ ಅಡುಗೆಮನೆಗೆ ಹೋಗಿ ಫ್ರೀಜರಿನ ಬಾಗಿಲು ತೆಗೆದೆ. ಬಟ್ಟಲು ಖಾಲಿ. ತಂಗಿ ಅಮ್ಮನ ಮುಖ ನೋಡಿದಳು.

“ಗುಂಡಗೆ, ನುಣ್ಣಗೆ, ಸಾಲಿಗ್ರಾಮದ ಹಾಗೇ ಇತ್ತು ಕಣೋ,” ಎಂದರು ಅಮ್ಮ. “ನೆಲ ಮುಟ್ಟದೆ ಆಕಾಶದಿಂದ ಬಂದಿದ್ದು. ನಿನ್ನೆಯ ಹುಳಿ ಪಕ್ಕದಲ್ಲಿ ಹೇಗೆ ಬಿಡ್ಲಿ? ದೇವರ ಹತ್ರ ಇಟ್ಟೆ, ಕರಗಿಹೋಯ್ತು. ಚೆಲ್ಲಕ್ಕೆ ಮನಸ್ಸು ಬರ್ಲಿಲ್ಲ. ನಿನಗೆ ಅಂತ ಯಾರಿಗೂ ಕೊಡದೆ ಇಟ್ಟಿದ್ದೆ.”

ಬೈಯುವುದು ಯಾರನ್ನು? ಅಷ್ಟು ಪ್ರೀತಿಯಿಂದ ಕಾದಿರಿಸಿದ್ದರು. ಹೊಟ್ಟೆಯೊಳಗೆ ಇನ್ನೂ ತಣ್ಣಗಿತ್ತು. ನನ್ನ ಸರ್ವಿಸಿನಲ್ಲಿ ಆಮೇಲೂ ನನ್ನೆದುರು ಆಲಿಕಲ್ಲು ಬೀಳಲಿಲ್ಲ, ಆ ವ್ಯಥೆ ಇನ್ನೂ ಇದೆ.

ಅಲ್ಲಿಂದ ನೇರ ಆಫೀಸಿಗೆ ಹೋದೆ. ಮಾಧವರಂನಲ್ಲಿ ಆಲಿಕಲ್ಲು ಬಿದ್ದ ಸುದ್ದಿ ದೊಡ್ಡ ಸಾಹೇಬರಿಗೆ ಮುಟ್ಟಿತ್ತು. ನಿಮ್ಮವರು ಅಲ್ಲೇ ಇದ್ದಾರಲ್ಲ, ಗಾತ್ರ ಎಷ್ಟಿತ್ತು, ಸರಿಯಾಗಿ ಹೇಳಿ ಎಂದರು.

“ಮೂರು ಉದ್ಧರಣೆ, ಸಾರ್” ಎಂದೆ.